ಮನೆ ಕಾವಲಿಗೆ ಯಾವ ಬಂದೂಕು? ನಿವೃತ್ತ ಆರ್ಮರರ್ (ಬಂದೂಕು ರಿಪೇರಿ, ತಪಾಸಣೆ ಮಾಡೋರು) ಜೊತೆ ಪ್ರಶ್ನೋತ್ತರ

ಪ್ರಶ್ನೆ (ತಲಘಟ್ಟಪುರ ಕಡೆಯವರು):
ನಮಸ್ಕಾರ ಸರ್. ಕನಕಪುರ ರಸ್ತೆಯಿಂದ ಒಳಗೆ ಒಂದು ಲೇಔಟ್‌ನಲ್ಲಿ ನಮ್ಮ ಮನೆ. ಅಕ್ಕಪಕ್ಕ ಇನ್ನೂ ಖಾಲಿ ಸೈಟುಗಳೇ. ಹೋದ ತಿಂಗಳು ಎರಡು ಬೀದಿ ಆಚೆ ಹಿಂಬಾಗಿಲು ಮೀಟಿ ಕಳ್ಳತನ ಆಯಿತು. ಮನೆಯವರು ಒಳಗೇ ಮಲಗಿದ್ದರಂತೆ! ನಮ್ಮ ಮನೆಯಲ್ಲಿ ನಾನು, ಹೆಂಡತಿ, ಆರು ವರ್ಷದ ಮಗಳು, ನಮ್ಮಮ್ಮ. ಒಂದು ಗನ್ ಇಟ್ಟುಕೊಳ್ಳೋಣ ಅಂತ ಇದೆ. ಒಂದೂವರೆ ಲಕ್ಷದವರೆಗೆ ಖರ್ಚು ಮಾಡಬಲ್ಲೆ. ರಿವಾಲ್ವರ್, ಪಿಸ್ತೂಲು, ಡಬಲ್ ಬ್ಯಾರೆಲ್, ಯಾವುದು ಒಳ್ಳೆಯದು? ಯೂಟ್ಯೂಬ್‌ನಲ್ಲಿ ಎಲ್ಲರೂ 9 ಎಂಎಂ ಅಂತಾರೆ.

ಉತ್ತರ:
ಯೂಟ್ಯೂಬ್‌ನವರು ಹೇಳೋದು ಅಮೆರಿಕದ ಮಾತು. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ). ಪಾಯಿಂಟ್ 38, ಪಾಯಿಂಟ್ 303 ಕೂಡ ಹಾಗೇ. ಸಾಮಾನ್ಯ ಜನರಿಗೆ ಸಿಗೋದು ಪಾಯಿಂಟ್ 32 ರಿವಾಲ್ವರ್ ಅಥವಾ ಪಿಸ್ತೂಲು, ಪಾಯಿಂಟ್ 22, 12 ಬೋರ್ ಬಂದೂಕು, ಮತ್ತೆ ಪಾಯಿಂಟ್ 315 ಥರದ ರೈಫಲ್. ರೈಫಲ್ ಬಿಟ್ಟುಬಿಡಿ. ಅದರ ಗುಂಡು ನಿಮ್ಮ ಕಿಟಕಿ ದಾಟಿ ಎಲ್ಲಿ ಹೋಗಿ ಬೀಳುತ್ತೋ ಹೇಳಕ್ಕಾಗಲ್ಲ. ಖಾಲಿ ಸೈಟು ಇವತ್ತು ಖಾಲಿ, ನಾಳೆ ಅಲ್ಲೇ ವಾಚ್‌ಮನ್ ಶೆಡ್ ಬರುತ್ತೆ.

ತಗೊಳ್ಳಲೇಬೇಕು ಅಂದರೆ ನನ್ನ ಮತ 12 ಬೋರ್ ಜೋಡು ನಳಿಗೆಗೆ. ಫ್ಯಾಷನ್ ಇಲ್ಲ, ಹಳೇ ಸಾಮಾನು, ಆದರೆ ಅದರಲ್ಲಿ ಗುಟ್ಟು ಅನ್ನೋದೇ ಇಲ್ಲ. ಮಡಚಿದರೆ ಎರಡು ತೂತು ಕಾಣುತ್ತೆ. ತೋಟೆ ಇದೆಯೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತೆ. ಪಿಸ್ತೂಲು ಹಾಗಲ್ಲ. ಮ್ಯಾಗಜೀನ್ ತೆಗೆದು "ಖಾಲಿ" ಅಂದುಕೊಳ್ತಾರೆ, ಚೇಂಬರ್‌ನಲ್ಲಿ, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರೋ ಜಾಗದಲ್ಲಿ, ಒಂದು ಉಳಿದಿರುತ್ತೆ. ನನ್ನ ಸರ್ವಿಸ್‌ನಲ್ಲಿ ನೋಡಿದ ಆಕಸ್ಮಿಕಗಳಲ್ಲಿ ಅರ್ಧಕ್ಕರ್ಧ ಈ "ಖಾಲಿ" ಪಿಸ್ತೂಲಿನವೇ. ಕಾನೂನು ಕೂಡ ಉದ್ದ ಬಂದೂಕಿನ ಕಡೆ ಸ್ವಲ್ಪ ಮೃದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ 20 ಇಂಚಿಗಿಂತ ಕಡಿಮೆ ಇಲ್ಲದ ನಳಿಗೆಯ ಬಂದೂಕನ್ನು ರಕ್ಷಣೆಗೆ ಕೊಡಬಹುದು ಅಂತ ಹೆಸರು ಹೇಳಿಯೇ ಬರೆದಿದ್ದಾರೆ. ರಿವಾಲ್ವರ್ ಕೇಳಿದರೆ "ನಿಮಗೇ ಯಾಕೆ, ಯಾರಿಂದ ಬೆದರಿಕೆ?" ಅನ್ನೋ ಪ್ರಶ್ನೆ ಗಟ್ಟಿಯಾಗಿ ಬರುತ್ತೆ.

ಒಂದು ತಪ್ಪು ತಿಳಿವಳಿಕೆ ಇದೆ, 12 ಬೋರ್‌ಗೆ ಗುರಿಯೇ ಬೇಡ, ಸುಮ್ನೆ ಆ ಕಡೆ ತೋರಿಸಿ ಹೊಡೆದರೆ ಸಾಕು ಅಂತ. ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಹರಡೋದು ಹೆಚ್ಚುಕಮ್ಮಿ ಗಜಕ್ಕೆ ಒಂದು ಇಂಚು. ನಿಮ್ಮ ಹಾಲ್ 15 ಅಡಿ ಅಂದುಕೊಳ್ಳಿ, ಆ ತುದಿಗೆ ಹೋಗುವಾಗ ಬಿಡದಿ ತಟ್ಟೆ ಇಡ್ಲಿಯಷ್ಟು ಅಗಲ, ಅಷ್ಟೇ. ಗುರಿ ತಪ್ಪಿದರೆ ಪೂರ್ತಿ ತಪ್ಪಿದ ಹಾಗೇ.

ಆದರೆ ದುಡ್ಡು ಎತ್ತಿಡೋ ಮುಂಚೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಗನ್ ಬದಲು ಒಂದು ದೊಡ್ಡ ಸ್ಕ್ರೂಡ್ರೈವರ್ ತಗೊಂಡು ಬೀರುವಿನ ಲಾಕರ್‌ನಲ್ಲಿ ಇಡಿ. ತೋಟೆ ಬದಲು ಎರಡು ಬ್ಯಾಟರಿ ಸೆಲ್, ಅದನ್ನು ಬೇರೆ ಡಬ್ಬದಲ್ಲಿ, ಬೇರೆ ಬೀಗದಲ್ಲಿ. ಮಗು ಇರೋ ಮನೆ, ಹಾಗೇ ಇಡಬೇಕು. ಬೀಗದ ಕೈ ಮಗಳ ಕೈಗೆ ಸಿಗದ ಕಡೆ. ನಿಮಗೆ ಹೇಳದೆ ಯಾವತ್ತಾದರೂ ರಾತ್ರಿ ಎರಡು ಗಂಟೆಗೆ ನಿಮ್ಮ ಮನೆಯವರು ಎಬ್ಬಿಸಲಿ. ಲೈಟ್ ಹಾಕಬೇಡಿ. ಎರಡನ್ನೂ ತೆಗೆದು ಹಾಲ್‌ಗೆ ಬರೋಕೆ ಎಷ್ಟು ಹೊತ್ತಾಯಿತು ಅಂತ ಇಲ್ಲಿ ಬರೆಯಿರಿ. ಆಮೇಲೆ ಮುಂದಿನ ಮಾತು.

ಪ್ರಶ್ನೆ (ವಿದ್ಯಾರಣ್ಯಪುರದವರು):
ಸರ್, ನಮ್ಮೆಜಮಾನರ ಹೆಸರಲ್ಲಿ ಲೈಸೆನ್ಸ್ ಇದೆ, ಪಾಯಿಂಟ್ 32. ಅವರು ವಾರದಲ್ಲಿ ನಾಲ್ಕು ದಿನ ಟೂರ್. ಅವರಿಲ್ಲದಾಗ ನಾನು ಬಳಸಬಹುದಾ? ಬೀಗದ ಕೈ ಎಲ್ಲಿದೆ ಅಂತ ನನಗೂ ಗೊತ್ತು.

ಉತ್ತರ:
ಇಲ್ಲ ಮೇಡಂ. ಲೈಸೆನ್ಸ್ ಮನೆಗೆ ಕೊಟ್ಟಿದ್ದಲ್ಲ, ಮನುಷ್ಯನಿಗೆ ಕೊಟ್ಟಿದ್ದು. ಇದು ರೇಷನ್ ಕಾರ್ಡ್ ಥರ ಅಲ್ಲ. ಒಂದೋ ನಿಮ್ಮ ಹೆಸರಲ್ಲೇ ಬೇರೆ ಲೈಸೆನ್ಸ್ ಮಾಡಿಸಿ, ಇಲ್ಲ ಅವರ ಲೈಸೆನ್ಸ್‌ನಲ್ಲಿ ರಿಟೇನರ್ (ಲೈಸೆನ್ಸ್‌ದಾರರ ಪರವಾಗಿ ಬಂದೂಕು ಹಿಡಿಯೋಕೆ ಅನುಮತಿ ಇರೋರು) ಅಂತ ನಿಮ್ಮ ಹೆಸರು ಸೇರಿಸೋಕೆ ಆಗುತ್ತಾ ಅಂತ ಲೈಸೆನ್ಸ್ ಕಚೇರಿಯಲ್ಲಿ ಕೇಳಿ. ಅಲ್ಲಿವರೆಗೂ ಬೀಗದ ಕೈ ಅವರ ಹತ್ತಿರವೇ ಇರಲಿ. ಅಂದರೆ ವಾರದ ನಾಲ್ಕು ದಿನ ಆ ರಿವಾಲ್ವರ್ ನಿಮ್ಮ ಪಾಲಿಗೆ ಇಲ್ಲ ಅಂತಲೇ ಲೆಕ್ಕ. ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬೇಡ, ಅದೊಂದು ಮಂಚದ ಪಕ್ಕ ಇಟ್ಟುಕೊಳ್ಳಿ. 112 ಫೋನ್‌ನ ಸ್ಪೀಡ್ ಡಯಲ್‌ನಲ್ಲಿರಲಿ.

ಪ್ರಶ್ನೆ (ಮಲ್ಲೇಶ್ವರದವರು):
ಹೆಂಗಸರಿಗೆ ಅಂತಲೇ ಮಾಡಿದ ಹಗುರ ರಿವಾಲ್ವರ್ ಇದೆಯಲ್ವಾ?

ಉತ್ತರ:
ನಿರ್ಭೀಕ್. 2014ರಲ್ಲಿ ಕಾನ್ಪುರದಿಂದ ಬಂತು. ಟೈಟಾನಿಯಂ ಮಿಶ್ರಲೋಹ, ಅರ್ಧ ಕೆಜಿ ತೂಕ, ಆಗಲೇ ಬೆಲೆ 1.22 ಲಕ್ಷ. ಹಗುರ ಅಂದರೆ ಬ್ಯಾಗಿಗೆ ಸುಖ, ಕೈಗೆ ಅಲ್ಲ. ಹಗುರವಾದಷ್ಟೂ ಹೊಡೆದಾಗ ಒದೆತ ಜಾಸ್ತಿ, ಎರಡನೇ ಗುಂಡು ಎಲ್ಲೋ ಹೋಗುತ್ತೆ. ಗಂಡಸು ಹೆಂಗಸು ಅಂತ ಇಲ್ಲಿ ಏನೂ ಇಲ್ಲ, ಬೇಕಾಗಿರೋದು ಅಭ್ಯಾಸ. ತರಬೇತಿಯಲ್ಲಿ ಹಗಲು ಹೊತ್ತು, ಹತ್ತು ಹೆಜ್ಜೆ ದೂರ, ನಿಂತ ಹಲಗೆಗೆ ಆರರಲ್ಲಿ ನಾಲ್ಕು ತಪ್ಪಿಸಿದ ಗಟ್ಟಿಮುಟ್ಟು ಆಳುಗಳನ್ನು ನಾನೇ ನೋಡಿದ್ದೇನೆ. ಗಿಡ್ಡ ನಳಿಗೆ ಅಂದರೆ ಹಾಗೇ.

2023ರಲ್ಲಿ ಪ್ರಬಲ್ ಅಂತ ಇನ್ನೊಂದು ಬಂದಿದೆ. ಅದರಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತೆ. ಹಳೆಯವನ್ನು ಮಧ್ಯಕ್ಕೆ ಮಡಚಿ ತೋಟೆ ತುಂಬಬೇಕಿತ್ತು. ರಿವಾಲ್ವರೇ ಬೇಕು ಅನ್ನೋರು ಅದನ್ನು ಕೈಯಲ್ಲಿ ಹಿಡಿದು ನೋಡಿ ಆಮೇಲೆ ತೀರ್ಮಾನ ಮಾಡಿ.

ಪ್ರಶ್ನೆ (ಬಸವನಗುಡಿಯವರು):
ಸಕಲೇಶಪುರದ ತೋಟದ ಮನೆಯಲ್ಲಿ ನಮ್ಮ ತಾತನ ಜೋಡು ನಳಿಗೆ ಇದೆ. ತಾತ ತೀರಿಕೊಂಡು ಎಂಟು ತಿಂಗಳಾಯಿತು. ಅದನ್ನೇ ಬೆಂಗಳೂರಿಗೆ ತಂದುಕೊಂಡರೆ ಖರ್ಚೂ ಉಳಿಯುತ್ತೆ ಅಲ್ವಾ?

ಉತ್ತರ:
ತರಬೇಡಿ! ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಅದು ಮನೆಯಲ್ಲಿರುವುದೇ ತಪ್ಪು. ನಾಳೆನೇ ಅಲ್ಲಿನ ಠಾಣೆಗೆ ಅಥವಾ ಲೈಸೆನ್ಸ್ ಇರೋ ಗನ್ ಹೌಸ್‌ಗೆ ಒಪ್ಪಿಸಿ, ರಸೀದಿ ತಗೊಳ್ಳಿ. ತಡ ಆಗಿದ್ದಕ್ಕೆ ಒಂದು ಪತ್ರ ಬರೆದುಕೊಡಿ. ಆಮೇಲೆ ವಾರಸುದಾರರು ಅಂತ ನಿಮ್ಮ ಹೆಸರಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು, ಮನೆಯ ಬೇರೆ ವಾರಸುದಾರರ ಒಪ್ಪಿಗೆ ಬೇಕು.

ಕೈಗೆ ಬಂದ ಮೇಲೆ ತೋಟೆ ತುಂಬೋ ಮುಂಚೆ ಆರ್ಮರರ್‌ಗೆ ತೋರಿಸಲೇಬೇಕು. ಹಳೇ ಬಂದೂಕುಗಳಲ್ಲಿ ಕೆಲವಕ್ಕೆ ಎರಡೂವರೆ ಇಂಚಿನ ಚೇಂಬರ್, ಈಗಿನ ತೋಟೆ ಎರಡೂಮುಕ್ಕಾಲು. ತುಂಬುವಾಗ ಸಲೀಸಾಗಿ ಒಳಗೆ ಹೋಗುತ್ತೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲಲ್ಲ, ಒತ್ತಡ ಏರುತ್ತೆ. ಮಲೆನಾಡಿಂದ ಒಂದು ಬಂದೂಕು ನನ್ನ ಮೇಜಿಗೆ ಬಂದಿತ್ತು. ಮೇಲೆ ನೋಡಿದರೆ ಫಳಫಳ. ಕೆಳಗಿನ ಮರದ ಹಿಡಿ ಬಿಚ್ಚಿದರೆ ಒಳಗೆ ನಳಿಗೆಯ ಉದ್ದಕ್ಕೂ ತುಕ್ಕಿನ ಗುಳಿ, ಅದರ ಮೇಲೆ ಬೆಲ್ಲದ ಪಾಕದ ಥರ ಅಂಟು. ಇಪ್ಪತ್ತು ವರ್ಷ ಕೊಬ್ಬರಿ ಎಣ್ಣೆ ಸವರಿದ್ದರು ಪಾಪ. ಕೊಬ್ಬರಿ ಎಣ್ಣೆ ತಲೆಗೆ, ಬಂದೂಕಿಗೆ ಗನ್ ಆಯಿಲ್. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡೋದೂ ಬೇಡ, ಚರ್ಮ ತೇವ ಹಿಡಿಯುತ್ತೆ.

ಪ್ರಶ್ನೆ (ಜಯನಗರದವರು):
ನಾವು ಕೊಡವರು, ನಮಗೆ ಲೈಸೆನ್ಸ್ ಬೇಡ ತಾನೇ? ಊರಿನ ಕೋವಿ ಇಲ್ಲಿ ಇಟ್ಟುಕೊಳ್ಳಬಹುದಾ?

ಉತ್ತರ:
ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ವಿನಾಯಿತಿ 2029ರವರೆಗೆ ಇದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ಅದು ಕೋವಿ, ರೈಫಲ್‌ಗೆ ಮಾತ್ರ, ಪಿಸ್ತೂಲು ರಿವಾಲ್ವರ್‌ಗೆ ಇಲ್ಲ. ಕೊಡಗಿನ ಆಚೆ ಇರುವಾಗ ಎಷ್ಟು ಬಂದೂಕು, ಎಷ್ಟು ತೋಟೆ ಅನ್ನೋದಕ್ಕೆ ಮಿತಿ ಇದೆ. ವಿನಾಯಿತಿ ಪತ್ರ ಯಾವಾಗಲೂ ಜೊತೆಗಿರಲಿ, ಇಲ್ಲಿನ ಠಾಣೆಗೂ ಒಂದು ಮಾತು ತಿಳಿಸಿಡಿ. ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆ ಹಬ್ಬ) ದಿನ ತೋಕ್‌ಪೂ ಹೂವು ಇಟ್ಟು ಪೂಜೆ ಮಾಡ್ತೀರಲ್ಲ, ಸಂಜೆ ಆ ಗಂಧ, ಕುಂಕುಮ ಒರೆಸಿ ಎಣ್ಣೆ ಹಾಕಿ. ತುಕ್ಕು ಶುರುವಾಗೋದೇ ಆ ಬೊಟ್ಟಿನ ಕೆಳಗೆ.

ಪ್ರಶ್ನೆ (ಯಲಹಂಕದವರು):
ಅರ್ಜಿ ಹೇಗೆ ಹಾಕೋದು ಸರ್? ಏಜೆಂಟ್ ಒಬ್ಬರು ಎಲ್ಲಾ ನಾನೇ ಮಾಡಿಸ್ತೀನಿ ಅಂತಿದ್ದಾರೆ.

ಉತ್ತರ:
ಏಜೆಂಟ್ ಬೇಡ. ಬೆಂಗಳೂರು ನಗರದೊಳಗೆ ಲೈಸೆನ್ಸ್ ಕೊಡೋದು ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಿ ಡಿಸಿ. ನಿಮಗೆ 21 ತುಂಬಿರಬೇಕು. ಎ-1 ಅನ್ನೋ ನಮೂನೆ, ಜೊತೆಗೆ ವೈದ್ಯರಿಂದ ದೇಹ ಮತ್ತು ಮನಸ್ಸು ಎರಡೂ ಸರಿ ಇದೆ ಅಂತ ಪತ್ರ, ಬಂದೂಕು ತರಬೇತಿ ಪಡೆದ ಪತ್ರ, ಭದ್ರವಾಗಿ ಇಡ್ತೀನಿ ಅಂತ ಮುಚ್ಚಳಿಕೆ. ಪೊಲೀಸರೇ ನಡೆಸೋ ನಾಗರಿಕ ಬಂದೂಕು ತರಬೇತಿ ಶಿಬಿರ ಇದೆಯಲ್ಲ, ಲೈಸೆನ್ಸ್ ಬೇಡ ಅನ್ನೋರೂ ಅದಕ್ಕೆ ಹೋಗಿ ಬನ್ನಿ. ಅರ್ಧ ಜನಕ್ಕೆ ಅಲ್ಲೇ ಬಂದೂಕಿನ ಆಸೆ ಇಳಿಯುತ್ತೆ. ಆಮೇಲೆ ಠಾಣೆಯಿಂದ ವಿಚಾರಣೆ ಬರುತ್ತೆ. "ಏರಿಯಾದಲ್ಲಿ ಕಳ್ಳತನ ಆಗ್ತಿದೆ" ಅಂತಷ್ಟೇ ಬರೆದರೆ ತಳ್ಳಿಹಾಕೋದೇ ಹೆಚ್ಚು. ಮೇಲ್ಮನವಿಗೆ ಅವಕಾಶ ಇದೆ. ಲೈಸೆನ್ಸ್ 5 ವರ್ಷಕ್ಕೆ, ಒಬ್ಬರಿಗೆ ಹೆಚ್ಚೆಂದರೆ ಎರಡು ಬಂದೂಕು. 2019ರ ತಿದ್ದುಪಡಿಗೆ ಮುಂಚೆ ಮೂರು ಬಂದೂಕಿಗೆ ಅವಕಾಶ ಇತ್ತು.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳಲ್ಲ. ಚುನಾವಣೆ ಬಂದರೆ ಬಂದೂಕು ಠಾಣೆಯಲ್ಲೋ ಗನ್ ಹೌಸ್‌ನಲ್ಲೋ ಇಟ್ಟುಬನ್ನಿ ಅಂತ ಹೇಳಿಕಳಿಸ್ತಾರೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಎಣಿಕೆ ಆಗಿದ್ದು ಜೂನ್ 4ಕ್ಕೆ. ಕಳ್ಳರಿಗೆ ನೀತಿ ಸಂಹಿತೆ ಇರಲ್ಲ ನೋಡಿ.

ಪ್ರಶ್ನೆ (ಹೆಸರಘಟ್ಟ ರಸ್ತೆಯವರು):
ಕಳ್ಳ ಕಾಂಪೌಂಡ್ ಹಾರಿದ, ನಾನು ಹೊಡೆದೆ. ಕೇಸ್ ಆಗುತ್ತಾ? ಗಾಳಿಯಲ್ಲಿ ಹೊಡೆದು ಹೆದರಿಸಿದರೆ?

ಉತ್ತರ:
ಕೇಸ್ ಆಗೇ ಆಗುತ್ತೆ. ಗೆಲ್ಲೋದು ಸೋಲೋದು ಆಮೇಲಿನ ಮಾತು. ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗೆ ಆತ್ಮರಕ್ಷಣೆಯ ಸೆಕ್ಷನ್‌ಗಳಿವೆ. ಸೂರ್ಯ ಮುಳುಗಿದ ಮೇಲೆ, ಹುಟ್ಟೋ ಮುಂಚೆ ಮನೆ ಒಡೆದು ನುಗ್ಗಿದರೆ, ದರೋಡೆ ಮಾಡಿದರೆ, ಮನೆಗೆ ಬೆಂಕಿ ಇಟ್ಟರೆ ಹಕ್ಕು ತುಂಬಾ ದೂರ ಹೋಗುತ್ತೆ. ಆದರೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಕೊಡೋ ಹಾಗಿಲ್ಲ. ಪೊಲೀಸರನ್ನು ಕರೆಯೋಕೆ ಸಮಯ ಇದ್ದರೆ ಆ ಹಕ್ಕೇ ಇಲ್ಲ. ಕಾಂಪೌಂಡ್ ಹಾರಿದವನು ಇನ್ನೂ ಹೊರಗಿದ್ದಾನೆ, ನೀವು ಬೀಗ ಹಾಕಿದ ಮನೆಯೊಳಗೆ ಫೋನ್ ಹಿಡಿದಿದ್ದೀರಿ. ಬೆನ್ನು ತಿರುಗಿಸಿ ಓಡ್ತಿರೋನಿಗೆ ಹೊಡೆದರಂತೂ ಯಾವ ವಕೀಲರೂ ಧೈರ್ಯ ಹೇಳಲ್ಲ. ಗಾಳಿಯಲ್ಲೂ ಬೇಡ. ಮೇಲೆ ಹೋದ ಗುಂಡು ಪಕ್ಕದ ಬೀದಿಯವರ ಶೀಟಿನ ಮೇಲೆ ಇಳಿಯುತ್ತೆ.

ಪ್ರಶ್ನೆ (ಪೀಣ್ಯದವರು):
ಏರ್‌ಗನ್ ಸಾಕಾಗಲ್ವಾ? ಇಲ್ಲ ಅಂದರೆ ಹೊರಗಡೆ ಇಪ್ಪತ್ತು ಮೂವತ್ತು ಸಾವಿರಕ್ಕೆ ಸಿಗುತ್ತಂತೆ.

ಉತ್ತರ:
ಪಾಯಿಂಟ್ 177 ಬೋರ್, ಹೊಡೆತದ ಶಕ್ತಿ 20 ಜೂಲ್ ಒಳಗಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಅದರಲ್ಲಿ ಟಿನ್ ಡಬ್ಬ ಹೊಡೆಯಿರಿ. ಕಳ್ಳನಿಗೆ ತೋರಿಸಬೇಡಿ, ಅವನ ಹತ್ತಿರ ನಿಜವಾದದ್ದೇ ಇದ್ದರೆ? ಹೊರಗಡೆ ಸಿಗೋದು ಅಂದರೆ ಕಳ್ಳ ಮಾಲು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಕನಿಷ್ಠ 2 ವರ್ಷ ಜೈಲು, 5 ವರ್ಷದವರೆಗೂ ಹೋಗುತ್ತೆ. ಈ ಪ್ರಶ್ನೆ ಇನ್ನೊಮ್ಮೆ ಕೇಳಬೇಡಿ.

ತಲಘಟ್ಟಪುರದವರಿಂದ ಮತ್ತೆ:
ಸರ್, ನೀವು ಹೇಳಿದ್ದು ಮಾಡಿದೆ. ನಿನ್ನೆ ರಾತ್ರಿ ಹೆಂಡತಿ ಎಬ್ಬಿಸಿದಳು. ಬೀಗದ ಕೈ ದೇವರ ಮನೆಯ ಮೇಲಿನ ಶೆಲ್ಫ್‌ನಲ್ಲಿ ಇಟ್ಟಿದ್ದೆ. ಮಂಚದ ಕಾಲಿಗೆ ಮೊಣಕಾಲು ಹೊಡೆದುಕೊಂಡೆ. ಲಾಕರ್‌ಗೆ ಮೊದಲು ತಪ್ಪು ಕೀ ಹಾಕಿದೆ. ಒಂದು ಸೆಲ್ ಕೈಜಾರಿ ಮಂಚದಡಿ ಹೋಯಿತು. ಒಟ್ಟು 2 ನಿಮಿಷ 10 ಸೆಕೆಂಡು.

ಸ್ಕ್ರೂಡ್ರೈವರ್ ಹಿಡಿದು ಹಾಲ್‌ಗೆ ಬಂದರೆ ಕತ್ತಲಲ್ಲಿ ಯಾರೋ ನಿಂತಿದ್ದಾರೆ. ಎದೆ ಧಸಕ್ ಅಂತು. ಅಮ್ಮ. ಸದ್ದು ಕೇಳಿ ನನಗಿಂತ ಮುಂಚೆ ಎದ್ದು ಬಂದಿದ್ದರು. "ಏನೋ ಅದು ಕೈಯಲ್ಲಿ?" ಅಂದರು. ನನಗೆ ಮಾತೇ ಹೊರಡಲಿಲ್ಲ.

ಹಿಂಬಾಗಿಲಿಗೆ ಗ್ರಿಲ್ ಗೇಟ್ ಹಾಕಿಸ್ತಿದ್ದೇನೆ. ಆಚಾರಿ ಶನಿವಾರ ಬರ್ತಾರೆ. ಟವರ್ ಬೋಲ್ಟ್ ಎಷ್ಟು ಇಂಚಿನದು ತರಲಿ ಸರ್?

ಉತ್ತರ:
ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಬೋಲ್ಟ್ 10 ಇಂಚು, ಮೇಲೊಂದು ಕೆಳಗೊಂದು. ಬೋಲ್ಟ್‌ಗಿಂತ ಸ್ಕ್ರೂ ಮುಖ್ಯ. ಪ್ಯಾಕೆಟ್‌ನಲ್ಲಿ ಬರೋ ಮುಕ್ಕಾಲು ಇಂಚಿನದು ಹಾಕಿದರೆ ಹಾರೆ ಕೊಟ್ಟು ಒಂದು ಸಲ ಮೀಟಿದರೆ ದಾರಂದದ ಸಿಬಿರು ಸಮೇತ ಕಿತ್ತು ಬರುತ್ತೆ, ಎರಡು ಬೀದಿ ಆಚೆ ಅದೇ ಆಗಿರುತ್ತೆ. ಎರಡೂವರೆ ಇಂಚಿನದು ತರಿಸಿ. ಆಚಾರಿ ಸುತ್ತಿಗೆಯಲ್ಲಿ ಹೊಡೆದು ಮುಗಿಸಿಬಿಡ್ತಾರೆ, ಪಕ್ಕದಲ್ಲೇ ನಿಂತು ತಿರುಗಿಸಿಯೇ ಕೂರಿಸೋಕೆ ಹೇಳಿ. ಆ ಸ್ಕ್ರೂಡ್ರೈವರ್ ಹೇಗೂ ಹೊರಗೇ ಇದೆಯಲ್ಲ.