ಓಡುವಾಗ ಏದುಸಿರು: ಮೂಗೋ, ಬಾಯೋ?

ಪ್ರಶ್ನೆ: ಸರ್, ಹಾಫ್ ಮ್ಯಾರಥಾನ್‌ಗೆ ಅಭ್ಯಾಸ ನಡೆಸುತ್ತಿದ್ದೇನೆ. ಏಳು ಕಿಲೋಮೀಟರ್ ದಾಟುತ್ತಿದ್ದಂತೆ ಭುಜಗಳೆರಡೂ ಮೇಲೇರಿ ಬಿಗಿಯುತ್ತವೆ, ಏದುಸಿರು ಹತ್ತುತ್ತದೆ. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಬೇಕು ಎಂದು ಜೊತೆಗಾರರು ಹೇಳಿದರು. ಎರಡು ವಾರ ಪ್ರಯತ್ನಿಸಿದೆ, ಇನ್ನಷ್ಟು ಕಷ್ಟವಾಯಿತು. ನನ್ನ ಶ್ವಾಸಕೋಶ ದುರ್ಬಲವೇ?

ಉತ್ತರ (ಕ್ರೀಡಾ ಫಿಸಿಯೋಥೆರಪಿಸ್ಟ್): ಪಾಪ, ಶ್ವಾಸಕೋಶವನ್ನು ಇಷ್ಟು ಬೇಗ ದೂರಬೇಡಿ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಮೊದಲು ಮಿತಿ ಮುಟ್ಟುವುದು ಹೃದಯ ರಕ್ತವನ್ನು ತಳ್ಳುವ ಸಾಮರ್ಥ್ಯ. ಸುಮ್ಮನೆ ಕುಳಿತಾಗ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಸಾಕು. ಬಿರುಸಾಗಿ ಓಡುವಾಗ ಅದು 100 ಲೀಟರ್ ದಾಟಬಹುದು. ಅಷ್ಟನ್ನೂ ಮೂಗಿನ ಇಕ್ಕಟ್ಟಿನಲ್ಲೇ ಎಳೆಯಹೊರಟರೆ ಕಷ್ಟವಾಗದೆ ಇನ್ನೇನು? ವೇಗ ಹೆಚ್ಚಿದಾಗ ಧಾರಾಳವಾಗಿ ಬಾಯಿ ತೆರೆಯಿರಿ. ನಾನು ಮೂಗನ್ನು ಅಳತೆಗೋಲಾಗಿ ಮಾತ್ರ ಬಳಸುತ್ತೇನೆ: ನಿಧಾನ ಓಟದ ದಿನ ಮೂಗಿನ ಉಸಿರು ಸಾಲದಿದ್ದರೆ, ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ, ನೀವು ವೇಗವಾಗಿ ಓಡುತ್ತಿದ್ದೀರಿ ಎಂದೇ ಅರ್ಥ.

ಇನ್ನು ಭುಜ. ಉಸಿರು ಸಾಲದೆನಿಸಿದಾಗ ಕುತ್ತಿಗೆಯ ಸ್ನಾಯುಗಳು ಎದೆಗೂಡನ್ನು ಮೇಲಕ್ಕೆಳೆಯುತ್ತವೆ. ಆಗ ಯಾರಾದರೂ ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂದರೆ ನನಗೆ ಸಿಟ್ಟು ಬರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತೆ! ಮೊದಲು ಉಸಿರು ಬಿಡುವುದನ್ನು ಕಲಿಯಿರಿ. ಅಂಗಾತ ಮಲಗಿ, ಮೊಣಕಾಲು ಮಡಚಿ, ಅಂಗೈಗಳನ್ನು ಕೆಳಗಿನ ಪಕ್ಕೆಲುಬುಗಳ ಮೇಲಿಡಿ. ಪಕ್ಕೆಲುಬುಗಳು ಇಳಿಯುವವರೆಗೂ ನಿಧಾನವಾಗಿ ಉಸಿರು ಬಿಡಿ, ಕ್ಷಣಕಾಲ ತಡೆಯಿರಿ, ಮುಂದಿನ ಉಸಿರು ತಾನಾಗಿ ಬರಲಿ. ಪಕ್ಕೆಗಳು ಬದಿಗೆ ಅಗಲವಾಗುವುದು ಕೈಗೆ ತಿಳಿಯಬೇಕು. ದಿನಕ್ಕೆ ಐದು ನಿಮಿಷ ಸಾಕು. ಓಡುವಾಗ ಭುಜ ಬಿಗಿದರೆ ಉದ್ದಕ್ಕೆ ನಿಟ್ಟುಸಿರು ಬಿಟ್ಟು, ಕೈಗಳನ್ನು ಜೋತುಬಿಟ್ಟು ನಾಲ್ಕು ಹೆಜ್ಜೆ ಓಡಿ.

ಪಾದ ತೀರಾ ಮುಂದೆ ಚಾಚಿ ಬೀಳುತ್ತಿದೆಯೇ ಎಂದೂ ನೋಡಿಕೊಳ್ಳಿ. ಹಾಗಿದ್ದರೆ ಅದೇ ವೇಗದಲ್ಲಿ ಹೆಜ್ಜೆಗಳ ಸಂಖ್ಯೆಯನ್ನು ಶೇ 5ರಷ್ಟು ಹೆಚ್ಚಿಸಿ. ಮೊಣಕಾಲಿನ ಮೇಲಿನ ಹೊರೆ ತಗ್ಗುತ್ತದೆ.

ಇನ್ನೊಬ್ಬ ಸದಸ್ಯೆ: ಸರ್, ಉಸಿರನ್ನು ಹೆಜ್ಜೆಗೆ ಹೊಂದಿಸಲೇಬೇಕೇ? ನನಗೆ ಎಣಿಸುವುದೇ ದೊಡ್ಡ ಕೆಲಸವಾಗುತ್ತದೆ.

ಉತ್ತರ: ಹಾಗಾದರೆ ಬಿಟ್ಟುಬಿಡಿ ಮೇಡಂ. ಲಯ ತಾನಾಗಿ ಕೂಡಿಬಂದರೆ ಒಳ್ಳೆಯದು, ಬರದಿದ್ದರೆ ನಷ್ಟವಿಲ್ಲ.

ಮೊದಲ ಪ್ರಶ್ನಿಗ: ಇಂದು ಮಾತನಾಡುತ್ತಾ ಓಡಲು ನೋಡಿದೆ ಸರ್. ಮೂರನೆಯ ಪದಕ್ಕೇ ಉಸಿರು ಕಟ್ಟಿತು.

ಉತ್ತರ: ಸಿಕ್ಕಿಬಿದ್ದಿರಿ! ಒಂದು ತಿಂಗಳು ಗಡಿಯಾರ ಕಟ್ಟಿಕೊಳ್ಳದೆ ಓಡಿ. ಆದರೆ ಓಟ ನಿಲ್ಲಿಸಿದ ಐದು ಹತ್ತು ನಿಮಿಷಗಳಲ್ಲಿ ಕೆಮ್ಮು, ಎದೆಬಿಗಿತ, ಸುಯ್‌ ಎನ್ನುವ ಉಸಿರು ಕಾಣಿಸಿದರೆ ಅದು ವ್ಯಾಯಾಮದಿಂದ ಶ್ವಾಸನಾಳ ಕುಗ್ಗುವ ತೊಂದರೆಯಾಗಿರಬಹುದು, ವೈದ್ಯರಿಗೆ ತೋರಿಸಿ. ಎದೆನೋವು, ತಲೆಸುತ್ತು ಬಂದರಂತೂ ಅಲ್ಲೇ ಓಟ ನಿಲ್ಲಿಸಿ.