ಇಂಟರ್ವಲ್ ಓಟ ವಾರಕ್ಕೆ ಎಷ್ಟು ದಿನ?

ಪ್ರಶ್ನೆ: ಸರ್, ನಮಸ್ಕಾರ. ನನಗೆ 41 ವರ್ಷ. ಆರು ತಿಂಗಳಿಂದ ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಓಡುತ್ತಿದ್ದೇನೆ. ಮೂರು ತಿಂಗಳ ಹಿಂದೆ ಇಂಟರ್ವಲ್ ಶುರು ಮಾಡಿದೆ. 400 ಮೀಟರ್ ಜೋರು, 200 ಮೀಟರ್ ನಡಿಗೆ, ಹೀಗೆ ಎಂಟು ಸಲ, ವಾರಕ್ಕೆ ಐದು ದಿನ. ಮೊದಲು ಟೈಮಿಂಗ್ ಚೆನ್ನಾಗಿ ಇಳಿಯಿತು, ಈಗ ನಿಂತೇ ಹೋಗಿದೆ. ಮೊದಲ ಸುತ್ತು 1 ನಿಮಿಷ 50 ಸೆಕೆಂಡು, ಕೊನೆಯದು 2 ನಿಮಿಷ 10. ನಿದ್ದೆ ಸರಿ ಇಲ್ಲ, ಕಣಕಾಲಿನ ಮುಂದಿನ ಎಲುಬು ನೋಯುತ್ತದೆ. ಆರು ದಿನ ಮಾಡಿದರೆ ಸುಧಾರಿಸಬಹುದಾ?

ಉತ್ತರ (ಓಟದ ಕೋಚ್): ಬೇಡ ಮಾರಾಯ್ರೆ, ಎರಡು ದಿನ ಸಾಕು. ಮಂಗಳವಾರ ಒಂದು, ಶುಕ್ರವಾರ ಒಂದು. ನಡುವೆ 48 ಗಂಟೆಯಾದರೂ ಬಿಡಲೇಬೇಕು.

ನಿಮ್ಮ ಕೊನೆಯ ಸುತ್ತು 20 ಸೆಕೆಂಡು ಬಿದ್ದಿದೆ ನೋಡಿ. ಆ ಹೊತ್ತಿಗೆ ಹೆಗಲು ಕಿವಿಯ ಹತ್ತಿರ ಬಂದಿರುತ್ತದೆ, ಪಾದ ಪಟಪಟ ಅಂತ ನೆಲಕ್ಕೆ ಬಡಿಯುತ್ತಿರುತ್ತದೆ. ಆ ಸುತ್ತಿನಿಂದ ಲಾಭ ಕಡಿಮೆ, ಪೆಟ್ಟು ಜಾಸ್ತಿ. ಐದಾರು ಸೆಕೆಂಡಿಗಿಂತ ಹೆಚ್ಚು ಬಿದ್ದರೆ ಅವತ್ತಿಗೆ ನಿಲ್ಲಿಸಿ ಎಂದು ನನ್ನ ಹತ್ತಿರ ಬರುವವರಿಗೆಲ್ಲ ಹೇಳುತ್ತೇನೆ.

ದಮ್ಮು ಕೆಲವೇ ವಾರಗಳಲ್ಲಿ ಪಳಗುತ್ತದೆ. ಎಲುಬು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ನಿಮ್ಮ ದಮ್ಮು ಮುಂದೆ ಓಡಿದೆ, ಕಾಲು ಹಿಂದೆ ಉಳಿದಿದೆ. ನೋವು ಹೋಗುವ ತನಕ ಜೋರು ಓಟ ಪೂರ್ತಿ ಬಿಡಿ. ನೋಯದಿದ್ದರೆ ಸೈಕಲ್ ತುಳಿಯಿರಿ. ಬೆರಳಿನಿಂದ ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚುತ್ತದಾ? ರಾತ್ರಿ ಮಲಗಿದಾಗಲೂ ನೋಯುತ್ತದಾ? ಹಾಗಿದ್ದರೆ ತಡಮಾಡದೆ ಎಲುಬಿನ ಡಾಕ್ಟರಿಗೆ ತೋರಿಸಿ. ಕೂದಲೆಳೆಯಷ್ಟು ಬಿರುಕು ಇದ್ದರೂ ಇರಬಹುದು.

ಪ್ರಶ್ನೆ ಕೇಳಿದವರು: ಆದರೆ ತಬಾಟಾ ವಿಧಾನದಲ್ಲಿ ವಾರಕ್ಕೆ ಐದು ದಿನ ಇತ್ತಂತಲ್ಲ ಸರ್?

ಕೋಚ್: ಹೌದು, ಜಪಾನಿನ ಇಝುಮಿ ತಬಾಟಾ ಅವರ 1996ರ ಅಧ್ಯಯನದಲ್ಲಿ ಐದು ದಿನ ಇತ್ತು. 20 ಸೆಕೆಂಡು ಜೋರು, 10 ಸೆಕೆಂಡು ವಿಶ್ರಾಂತಿ. ಆದರೆ ಅವರೆಲ್ಲ ಮೊದಲೇ ತಯಾರಿದ್ದ ಹುಡುಗರು. ನಡೆದದ್ದು ಬರೀ ಆರು ವಾರ, ಅದೂ ನಿಂತಲ್ಲೇ ತುಳಿಯುವ ಸೈಕಲ್ ಮೇಲೆ. ಸೈಕಲ್‌ನಲ್ಲಿ ಕಾಲು ನೆಲಕ್ಕೆ ಬಡಿಯುವುದಿಲ್ಲ, ಅಲ್ವಾ? ಅದನ್ನು ಹಾಗೇ ಓಟಕ್ಕೆ ತಂದರೆ ಎಲುಬಿಗೆ ಕಷ್ಟ.

ಮಂಗಳೂರಿನಿಂದ ಒಬ್ಬರು: ಸರ್, ನಾನು ಮಂಗಳಾ ಸ್ಟೇಡಿಯಂನಲ್ಲಿ ವಾರಕ್ಕೆ ಎರಡೇ ದಿನ ಮಾಡುತ್ತೇನೆ. ಆದರೂ ಏಪ್ರಿಲ್ ಬಂದ ಮೇಲೆ ಟೈಮಿಂಗ್ ಹಾಳಾಗಿದೆ.

ಕೋಚ್: ಅದು ಸೆಕೆ ಅಕ್ಕ, ನಿಮ್ಮ ತಪ್ಪಲ್ಲ. ನಮ್ಮ ಕರಾವಳಿಯಲ್ಲಿ ಬೆವರು ಇಳಿಯುತ್ತದೆ, ಆರುವುದಿಲ್ಲ. ಆರದೆ ಮೈ ತಣ್ಣಗಾಗುವುದಿಲ್ಲ, ಹೃದಯಕ್ಕೆ ಕೆಲಸ ಜಾಸ್ತಿ. ಮಳೆ ಶುರುವಾಗುವ ತನಕ ವಾಚ್ ನೋಡಬೇಡಿ, ಉಸಿರು ನೋಡಿ. ಜೋರು ಸುತ್ತಿನಲ್ಲಿ ಒಂದೆರಡು ಪದ ಮಾತ್ರ ಆಡಲು ಆಗಬೇಕು. ಉಳಿದ ದಿನ ಪಕ್ಕದವರ ಜೊತೆ ಮಾತಾಡಿಕೊಂಡೇ ಓಡುವಷ್ಟು ನಿಧಾನ ಇರಲಿ. ಹೆಚ್ಚಿನವರು ಎಡವುವುದು ಇಲ್ಲೇ, ನಿಧಾನದ ದಿನವೂ ಸುಮ್ನೆ ಜೋರು ಮಾಡುತ್ತಾರೆ.

ಪ್ರಶ್ನೆ ಕೇಳಿದವರು: ಕಾಲು ಸರಿಯಾದ ಮೇಲೆ ಮಲ್ಪೆ ಬೀಚಿನಲ್ಲಿ ಮಾಡಬಹುದಾ?

ಕೋಚ್: ನಿಧಾನದ ಓಟಕ್ಕೆ ಹೋಗಿ, ಇಂಟರ್ವಲ್‌ಗೆ ಬೇಡ. ಒದ್ದೆ ಮರಳು ಗಟ್ಟಿ ಇದ್ದರೂ ಕಡಲಿನ ಕಡೆಗೆ ಇಳಿಜಾರು, ಒಂದೇ ಕಾಲಿಗೆ ಭಾರ ಬೀಳುತ್ತದೆ. ನೋವು ಪೂರ್ತಿ ಹೋದ ಮೇಲೆ ಟ್ರ್ಯಾಕ್‌ನಲ್ಲೇ ನಾಲ್ಕು ಸುತ್ತು ಓಡಿ, ಟೈಮಿಂಗ್ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.