ಸಹಾಯ ಬೇಕು: ನಡಿಗೆ ಅಧ್ಯಯನಕ್ಕೆ 60 ದಾಟಿದ ಆರೋಗ್ಯವಂತ ಹಿರಿಯರು (ಮೈಸೂರು, ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಕಿರಿಯ ಸಂಶೋಧಕಿ. ವಯಸ್ಸಾದಂತೆ ನಡಿಗೆ ಹೇಗೆ ಬದಲಾಗುತ್ತದೆ, ಪಾರ್ಕಿನ್ಸನ್ ಕಾಯಿಲೆಯಲ್ಲಿ (ಮೆದುಳಿನ ತೊಂದರೆಯಿಂದ ಚಲನೆ ನಿಧಾನವಾಗುವ ಕಾಯಿಲೆ) ಹೇಗೆ ಎಂದು ಹೋಲಿಸಿ ನೋಡುವುದು ನನ್ನ ಕೆಲಸ. ಕಾಯಿಲೆ ಇರುವವರು ಆಸ್ಪತ್ರೆಯಲ್ಲಿ ಸಿಗುತ್ತಾರೆ. ಆರೋಗ್ಯವಾಗಿರುವ ಹಿರಿಯರೇ ಸಿಗುತ್ತಿಲ್ಲ. ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಬರುವವರನ್ನು ಕೇಳಿದರೆ, "ನಂಗೇನಾಗಿದೆ, ಗಟ್ಟಿಯಾಗಿದ್ದೀನಿ" ಅನ್ನುತ್ತಾರೆ. ನಮಗೆ ಗಟ್ಟಿಯಾಗಿರುವವರೇ ಬೇಕು!

ಪರೀಕ್ಷೆ ಸುಲಭ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು, ಅಷ್ಟೇ. ನಾನು ಜಾಸ್ತಿ ಗಮನಿಸುವುದು ಆ ತಿರುಗುವ ಜಾಗವನ್ನು. ಪಾರ್ಕಿನ್ಸನ್ ಇರುವ ಹಲವರು ಅಲ್ಲಿ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾರೆ. ಕೆಲವರ ಪಾದ ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ನಡೆಯುವಾಗ ಒಂದು ಕೈ ಬೀಸುವುದು ಕಡಿಮೆಯಾಗಿರುತ್ತದೆ. ಮನೆಯವರು "ವಯಸ್ಸಾಯ್ತು, ಅಲ್ವಾ" ಅಂತ ಸುಮ್ನಾಗಿಬಿಡುತ್ತಾರೆ. ಯಾವುದು ವಯಸ್ಸು, ಯಾವುದು ಕಾಯಿಲೆ ಎಂದು ಹೇಳಲು ನಮ್ಮೂರಿನ ಆರೋಗ್ಯವಂತರ ನಡಿಗೆ ಗೊತ್ತಿರಲೇಬೇಕು.

ರಕ್ತ ತೆಗೆಯುವುದಿಲ್ಲ, ಮಾತ್ರೆ ಕೊಡುವುದಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇದೆ. ಬೇಡ ಅನಿಸಿದರೆ ಮಧ್ಯದಲ್ಲೇ ಬಿಡಬಹುದು. ಸ್ಟ್ರೋಕ್ ಅಥವಾ ಮೊಣಕಾಲಿನ ಆಪರೇಷನ್ ಆದವರು ಸದ್ಯಕ್ಕೆ ಬೇಡ. ಮಂಡ್ಯ ಕಡೆಯವರಾದರೆ ನಾವೇ ಬರುತ್ತೇವೆ. ಗದ್ದೆಯಲ್ಲಿ ದುಡಿದ ಅಜ್ಜಿಯರು ಸಿಕ್ಕರೆ ತುಂಬಾ ಉಪಕಾರ. ಗೊತ್ತಿರುವವರಿದ್ದರೆ ದಯವಿಟ್ಟು ಮೆಸೇಜ್ ಮಾಡಿ.